ಕೂಗು, ಚೆಂಡು, ಜಾರಿದ ನಕ್ಷತ್ರ: ಮೂರು ತಾಲೂಕುಗಳ ಬಯಲಿನ ಆಟದ ಚರಿತ್ರೆ

ಡಿಸೆಂಬರ್ ತಿಂಗಳ ಒಂದು ರಾತ್ರಿ ವೇಣೂರು ಕಡೆಯ ಒಂದು ಮನೆಯಂಗಳದಲ್ಲಿ ನಾವು ನಾಲ್ವರು ಚಾಪೆ ಹಾಸಿ ಮಲಗಿದ್ದೆವು. ಉಲ್ಕೆ ನೋಡಿ ಒಂದು ಸುದ್ದಿ ಮಾಡೋಣ ಎಂದು ಹೊರಟವರು. ಅಂಗಳದ ದೀಪ ಆರಿಸಿದ್ದೆವು, ಆದರೆ ಪಕ್ಕದ ತೋಟದ ಫ್ಲಡ್‌ಲೈಟ್ ಉರಿಯುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಕಂಡದ್ದು ಎರಡೇ ಗೆರೆ.

ಆ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಬಂದು ಜಗಲಿಯಲ್ಲಿ ಕೂತರು.

"ಎಂತ ಹುಡುಕುದು ಮಕ್ಕಳೇ?"

"ನಕ್ಷತ್ರ ಬೀಳುದನ್ನು ಅಜ್ಜ."

"ಅದನ್ನು ಹುಡುಕುದುಂಟಾ? ನಾವು ಆಟ ನೋಡಿ ಬರುವಾಗ ದಾರಿಯಲ್ಲೇ ಕಾಣ್ತಿತ್ತು."

ನಮ್ಮ ಕಡೆ ಆಟ ಎಂದರೆ ಮೊದಲು ಯಕ್ಷಗಾನ, ಉಳಿದದ್ದೆಲ್ಲ ಆಮೇಲೆ. ಆ ರಾತ್ರಿ ಅಜ್ಜನ ಬಾಯಿಂದ ಉಳಿದ ಆಟಗಳೂ ಒಂದೊಂದಾಗಿ ಬಂದವು. ಬೇಟೆಯ ಕೂಗು, ಮಳೆಯ ಮೀನು, ಪೊಳಲಿಯ ಚೆಂಡು, ಕಂಬಳ. ಉಲ್ಕೆಯ ಸುದ್ದಿ ಆಗಲಿಲ್ಲ. ಅದರ ಬದಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನ ಮನೆಯ ಹೊರಗೆ ಹೊತ್ತು ಕಳೆದ ಬಗೆಯನ್ನು ಕೇಳಿ, ಓದಿ, ಬರೆಯಲು ಹೊರಟೆವು. ಬರೆಯುತ್ತಾ ಹೋದ ಹಾಗೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಆಟಗಳು ಯಾರಿಗೆ ಆಟವಾಗಿದ್ದವು?

ಆಟಕ್ಕೂ ತಿಂಗಳು ಇತ್ತು

ತುಳು ಪಂಚಾಂಗದಲ್ಲಿ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಇಂಗ್ಲಿಷ್ ಲೆಕ್ಕದಲ್ಲಿ ಮೇ 24ರ ಆಸುಪಾಸು. ಆ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಕೋಲ, ನೇಮ, ಜಾತ್ರೆಗಳೂ ಅಲ್ಲಿಗೆ ನಿಲ್ಲುತ್ತವೆ. ಮುಂದೆ ಮಳೆ, ಉಳುಮೆ, ನಾಟಿ. ಕೊಯ್ಲು ಮುಗಿದು ಗದ್ದೆ ಖಾಲಿಯಾಗುವ ಹೊತ್ತಿಗೆ ಮತ್ತೆ ಗೆಜ್ಜೆ ಕಟ್ಟುತ್ತಾರೆ, ಕಂಬಳದ ಕರೆಗೆ ನೀರು ಕಟ್ಟುತ್ತಾರೆ.

ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ಮಳೆ, ಆಗ ಜಗಲಿಯಲ್ಲಿ ಚೆನ್ನೆಮಣೆ. ಬಿಸಿಲು ಬಂದರೆ ಮಣೆ ಅಟ್ಟಕ್ಕೆ ಹೋಗುತ್ತಿತ್ತು. ಹೀಗೆ ಯಾವ ಆಟ ಯಾವಾಗ ಶುರು, ಯಾವಾಗ ಬಂದ್ ಎಂಬುದನ್ನು ಮಳೆ, ಬೆಳೆ, ದೈವ ಸೇರಿ ಗೊತ್ತು ಮಾಡಿದ್ದವು. ಗದ್ದೆ ದುಡಿಮೆಗೂ ಅದೇ, ಆಟಕ್ಕೂ ಅದೇ. ಭತ್ತ ಕೊಯ್ದ ಮೇಲೆ ಯಾರದೇ ಗದ್ದೆಯಲ್ಲಿ ಮಕ್ಕಳು ಕುಟ್ಟಿದೊಣ್ಣೆ ಆಡಿದರೂ ಕೇಳುವವರು ಇರಲಿಲ್ಲ. ಇವತ್ತು ಹೆಚ್ಚಿನ ಗದ್ದೆಗಳಲ್ಲಿ ಅಡಿಕೆ, ಗುಡ್ಡದಲ್ಲಿ ರಬ್ಬರ್. ಎರಡಕ್ಕೂ ಬೇಲಿ ಇದೆ, ಖಾಲಿ ಬೀಳುವ ತಿಂಗಳು ಇಲ್ಲ.

ಕೆಡ್ಡಸದ ಕೂಗು

ಪುಯಿಂತೆಲ್ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಮೂರು ದಿನದ ಕೆಡ್ಡಸ ಬರುತ್ತದೆ. ಭೂಮಿ ತಾಯಿ ಮುಟ್ಟಾಗುವ ದಿನಗಳು ಎಂಬ ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಕುಚ್ಚಲಕ್ಕಿ ಹುರಿದು ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೆರಿ ಎಲ್ಲರಿಗೂ. ಕೊನೆಯ ದಿನ ಹೆಂಗಸರು ಅಂಗಳದಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು, ಕನ್ನಡಿ, ಬಾಚಣಿಗೆ, ಕುಂಕುಮ ಇಟ್ಟು ಭೂಮಿಯನ್ನು ಸತ್ಕರಿಸುತ್ತಾರೆ.

ಹಬ್ಬ ಬಂತು ಎಂದು ಸಾರಲು ನಲಿಕೆಯವರು ಮನೆ ಮನೆಗೆ ಬರುತ್ತಿದ್ದರು. ಕ್ಯಾಲೆಂಡರ್ ಇಲ್ಲದ ಕಾಲಕ್ಕೆ ಆ ಬಾಯಿಮಾತೇ ಕ್ಯಾಲೆಂಡರ್. ಗಂಡಸರಿಗೆ ಅದು ಬೇಟೆಗೆ ಕರೆಯೂ ಹೌದು. ಊರಿಗೆ ಊರೇ ಸೇರಿ ಕಾಡಿಗೆ ಇಳಿಯುತ್ತಿತ್ತು. ಕೆಲವರು ಗುಡ್ಡದ ಒಂದು ಮಗ್ಗುಲಿನಿಂದ ಕೂಗು ಹಾಕಿ ಪ್ರಾಣಿಗಳನ್ನು ಎಬ್ಬಿಸುವುದು, ಇನ್ನು ಕೆಲವರು ಇನ್ನೊಂದು ಮಗ್ಗುಲಿನಲ್ಲಿ ಕಾದು ಕೂರುವುದು. ಯಾರ ಕೂಗು ಯಾವ ಗುಡ್ಡದಿಂದ ಬಂತೆಂದು ಕತ್ತಲಲ್ಲೂ ಗೊತ್ತಾಗುತ್ತಿತ್ತು ಎಂದು ಅಜ್ಜ ಹೇಳಿದರು.

ಹಕ್ಕಿಯನ್ನು ಕೂಗಿ ಕರೆಯುವುದು ಇನ್ನೊಂದು ವಿದ್ಯೆ. ಸಾಕಿದ ಹುಂಜವನ್ನು ಕಾಡಿನ ಅಂಚಿಗೆ ಕಟ್ಟಿದರೆ ಅದರ ಕೂಗಿಗೆ ಕಾಡುಕೋಳಿ ಜಗಳಕ್ಕೆ ಬರುತ್ತದೆ. ಗದ್ದೆಯಂಚಿನ ಹುಂಡುಕೋಳಿ, ಪೊದೆಯ ಕೆಂಬೂತ, ಇವುಗಳ ಸ್ವರವನ್ನು ಬಾಯಲ್ಲೇ ಹೊರಡಿಸಿ ಮಕ್ಕಳು ಪಂಥ ಕಟ್ಟುತ್ತಿದ್ದರು. ಅಮೆರಿಕದ ಅರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಭತ್ತದ ಊರಿನಲ್ಲಿ ಕಾಡುಬಾತು ಕರೆಯುವ ಸ್ಪರ್ಧೆ 1936ರಿಂದ ನಡೆಯುತ್ತಿದೆ. ಅಲ್ಲಿ ಅದಕ್ಕೆ ವೇದಿಕೆ, ತೀರ್ಪುಗಾರರು, ಬಹುಮಾನ ಎಲ್ಲ ಉಂಟು. ನಮ್ಮಲ್ಲಿ ಒಳ್ಳೆಯ ಕೂಗುಗಾರನಿಗೆ ಸಿಕ್ಕ ಬಹುಮಾನ ಒಂದೇ, ಆ ಕಡೆಯಿಂದ ಹಕ್ಕಿಯ ಉತ್ತರ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಬೆಳ್ತಂಗಡಿಯ ಪೂರ್ವದ ಕಾಡಿಗೆ ಹೋಗುವುದಕ್ಕೇ ಅನುಮತಿ ಬೇಕಾಯಿತು. ಇದು ಬೇಕಿತ್ತು ಎಂದೇ ನಮ್ಮ ಅನಿಸಿಕೆ. ವರ್ಷಕ್ಕೆ ಒಮ್ಮೆ ನಡೆಯುತ್ತಿದ್ದ ಬೇಟೆ, ಕೋವಿ ಮತ್ತು ಜೀಪು ಬಂದ ಮೇಲೆ ವರ್ಷವಿಡೀ ನಡೆಯತೊಡಗಿದರೆ ಕಾಡಿನಲ್ಲಿ ಎಂತ ಉಳಿದೀತು? ಆದರೆ ಕೆಡ್ಡಸದಲ್ಲಿ ಎರಡು ವಿಷಯ ಇದ್ದವು. ಒಂದು ಬೇಟೆ, ಇನ್ನೊಂದು ನೆಲಕ್ಕೆ ಮೂರು ದಿನದ ವಿಶ್ರಾಂತಿ. ಕಾಯ್ದೆ ನಿಲ್ಲಿಸಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ನಾವೇ ಬಿಟ್ಟೆವು. ಕೆಡ್ಡಸದ ದಿನವೂ ಈಗ ಜೆಸಿಬಿಗೆ ರಜೆ ಇಲ್ಲ.

ಹತ್ತಿ ಬರುವ ಮೀನು

ಜೂನ್‌ನ ಮೊದಲ ದೊಡ್ಡ ಮಳೆಗೆ ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ಕೆಂಪು ನೀರು ಬರುತ್ತದೆ. ಆಗ ಹೊಳೆಯ ಮೀನುಗಳು ತೋಡು ಹಿಡಿದು ಮೇಲೆ ಹತ್ತಿ ಗದ್ದೆಗೆ ಬರುತ್ತವೆ. ಆಳವಿಲ್ಲದ, ಹುಲ್ಲು ಇರುವ ನಿಂತ ನೀರಿನಲ್ಲಿ ಮೊಟ್ಟೆ ಇಡಲು ಅವು ಮಾಡುವ ಪ್ರಯಾಣ ಅದು. ಘಟ್ಟದ ಮೇಲಿನವರು ಇದನ್ನು ಹತ್ತುಮೀನು ಎನ್ನುತ್ತಾರೆ, ನಾವು ಉಬೆರ್ ಎನ್ನುತ್ತೇವೆ. ಒಣಗಿದ ತೆಂಗಿನ ಗರಿಯ ತೂಟೆ ಹಚ್ಚಿ, ಕೈಯಲ್ಲಿ ಕತ್ತಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಮುಗುಡು ಹಿಡಿಯುವ ಖುಷಿ ನಮ್ಮ ತಲೆಮಾರಿಗೂ ಸ್ವಲ್ಪ ಸಿಕ್ಕಿದೆ. ತೋಡಿನ ಬಾಯಿಗೆ ಬಿದಿರಿನ ಬುಟ್ಟಿ ಒಡ್ಡಿದರೆ ಬೆಳಿಗ್ಗೆ ಸಾರಿಗೆ ಆಗುವಷ್ಟು.

ಹತ್ತುವ ಮೀನಿಗೆ ಬೇಕಾದದ್ದು ಎರಡು: ಅಡ್ಡಿಯಿಲ್ಲದ ದಾರಿ, ದಾರಿಯ ಕೊನೆಗೆ ಗದ್ದೆ. ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರು ಪೇಟೆಗೆ ನೀರು ಕೊಡುತ್ತದೆ, ಅದು ಬೇಕು. ಹಾಗೆಯೇ ಸಣ್ಣ ತೋಡುಗಳಿಗೂ ಕಾಂಕ್ರೀಟ್ ಗೋಡೆ ಕಟ್ಟಿದ್ದೇವೆ. ಗದ್ದೆಯ ಜಾಗದಲ್ಲಿ ತೋಟ ಬಂದಿದೆ. ಮೊಟ್ಟೆ ತುಂಬಿದ ಮೀನನ್ನೇ ಹಿಡಿಯುವ ಆಟ ಇದು ಎಂಬುದೂ ನಿಜ. ಮುಂಚೆ ಹಿಡಿದದ್ದಕ್ಕಿಂತ ತಪ್ಪಿಸಿಕೊಂಡದ್ದು ಹೆಚ್ಚು, ಹಾಗಾಗಿ ನಡೆಯಿತು. ಈಗ ಕರೆಂಟ್ ವಯರ್, ಬ್ಲೀಚಿಂಗ್ ಪೌಡರ್, ಸಣ್ಣ ಕಣ್ಣಿನ ಬಲೆ. ತಪ್ಪಿಸಿಕೊಳ್ಳಲು ಮೀನಿಗೂ ದಾರಿ ಇಲ್ಲ, ಕೆಲವೊಮ್ಮೆ ಹಿಡಿಯುವವನಿಗೂ ಇಲ್ಲ. ಮಳೆಗಾಲದಲ್ಲಿ ಮೀನಿಗೆಂದು ಹೋಗಿ ಬಾರದವರ ನಾಲ್ಕು ಸಾಲಿನ ಸುದ್ದಿ ಕಳಿಸುವವರು ನಾವೇ. ಆ ಸಾಲು ಬರೆಯುವಾಗ ಕೈ ನಡುಗದ ವರ್ಷ ಇಲ್ಲ.

ಮೂಡುಬಿದಿರೆಯಿಂದ ಪೊಳಲಿಗೆ ಒಂದು ಚೆಂಡು

ಬಂಟ್ವಾಳ ತಾಲೂಕಿನ ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆ ಮಾರ್ಚ್ ನಡುವಿಗೆ ಶುರುವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರಲ್ಲಿ ಐದು ದಿನ ಚೆಂಡು. ದೊಡ್ಡ ಚರ್ಮದ ಚೆಂಡನ್ನು ಚೆಂಡಿನ ಗದ್ದೆಯಲ್ಲಿ ಎರಡು ಕಡೆಯವರು ಎಳೆದಾಡುತ್ತಾರೆ. ಜರ್ಸಿ ಇಲ್ಲ, ಇಷ್ಟೇ ಆಟಗಾರರು ಎಂಬ ಲೆಕ್ಕ ಇಲ್ಲ.

ಈ ಚೆಂಡು ಬರುವ ದಾರಿ ನೋಡಿ. ಹೊಲಿಯುವವರು ಮೂಡುಬಿದಿರೆಯ ಚಮ್ಮಾರ ಮನೆತನದವರು. ಅದನ್ನು ಪೊಳಲಿಗೆ ತಲುಪಿಸುವ ಹಕ್ಕು ಮಿಜಾರಿನ ಗಾಣಿಗ ಮನೆತನದ್ದು. ಅಂದರೆ ಪೊಳಲಿಯಲ್ಲಿ ಚೆಂಡು ನಡೆಯಬೇಕಾದರೆ ಬೇರೆ ಊರಿನ ಎರಡು ಕಸುಬಿನ ಮನೆಗಳು ಒಪ್ಪಿ ಬರಬೇಕು. ತಾಲೂಕಿನ ಗಡಿ ಆಗಾಗ ಬದಲಾಗಿದೆ. ಮೂಡುಬಿದಿರೆ ಮೊದಲು ಕಾರ್ಕಳ ತಾಲೂಕಿನಲ್ಲಿತ್ತು, 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ ಮಂಗಳೂರು ತಾಲೂಕಿಗೆ ಬಂತು, ತಾನೇ ತಾಲೂಕಾದದ್ದು ಇತ್ತೀಚೆಗೆ. ಚೆಂಡಿನ ದಾರಿಗೆ ಈ ಗಡಿಗಳು ಲೆಕ್ಕಕ್ಕಿಲ್ಲ.

ಕಸುಬಿನವರಿಗೆ ಹೀಗೆ ಗೌರವದ ಪಾಲು ಇಟ್ಟ ಆಟ ಇದು. ಎಲ್ಲ ಆಟಗಳೂ ಹೀಗಿರಲಿಲ್ಲ.

ಪನಿಯಲ್ಲಿ ಕೂತವರು

ಅಜ್ಜನಿಗೆ ಕಂಬಳ ಎಂದರೆ ಜೀವ. ಹೊಕ್ಕಾಡಿಗೋಳಿ, ವೇಣೂರು, ಮೂಡುಬಿದಿರೆ ಎಂದು ಹೆಸರು ಹೇಳುತ್ತಲೇ ಕಣ್ಣು ಅರಳುತ್ತದೆ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಒಂದೊಂದನ್ನೂ ವಿವರಿಸಿದರು. ಕನೆ ಹಲಗೆಯಲ್ಲಿ ಕೋಣ ಎಷ್ಟು ಬೇಗ ಓಡಿತು ಎಂಬುದಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು.

ನಾವು ಕೇಳಿದೆವು: "ಕಂಬಳದ ಹಿಂದಿನ ರಾತ್ರಿ ಎಂತ ಮಾಡ್ತಿದ್ರಿ ಅಜ್ಜ?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಮಲಗ್ತಿದ್ದೆವು. ಅವರು ಕೂರ್ತಿದ್ದರು" ಎಂದರು.

ಅವರು ಅಂದರೆ ಕೊರಗರು. ಹಳೆಯ ಕಂಬಳಗಳಲ್ಲಿ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಬಯಲಲ್ಲೇ ಕೂತು, ಡೋಲು ಬಾರಿಸುತ್ತ, ಹಾಡುತ್ತ ಬೆಳಗು ಮಾಡಬೇಕಿತ್ತು. ಇದಕ್ಕೆ ತುಳುವಿನಲ್ಲಿ ಪನಿ ಕುಲ್ಲುನು ಎಂದು ಹೆಸರು. ಪನಿ ಎಂದರೆ ಇಬ್ಬನಿ, ಕುಲ್ಲುನು ಎಂದರೆ ಕೂರುವುದು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲೂ ಈ ಪದ್ಧತಿಯ ವಿವರ ಇದೆ. ಬೆಳಗಾದ ಮೇಲೆ ಕೋಣ ಇಳಿಯುವ ಮೊದಲು ಕೆಸರಿಗೆ ಅವರನ್ನು ಇಳಿಸಿ ಓಡಿಸುವುದೂ ಇತ್ತು. ಕೊರಗರನ್ನು ಕೀಳಾಗಿ ನಡೆಸಿಕೊಂಡ ಇಂಥ ಪದ್ಧತಿಗಳಿಗೆ ಒಟ್ಟಾಗಿ ಅಜಲು ಎಂದು ಹೆಸರು. ಕರ್ನಾಟಕ ಸರ್ಕಾರ ಅಜಲು ನಿಷೇಧ ಕಾಯ್ದೆ ತಂದದ್ದು 2000ದಲ್ಲಿ. ಅಂದರೆ ನಾವು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ. ಪಾಠ ಪುಸ್ತಕದಲ್ಲಿ ಕಂಬಳ ನಾಡಿನ ಹೆಮ್ಮೆಯ ಕ್ರೀಡೆ ಎಂದು ಓದಿದ್ದು ನೆನಪಿದೆ. ಇಬ್ಬನಿಯ ಸಂಗತಿ ಓದಿದ ನೆನಪಿಲ್ಲ.

ಕಂಬಳವೂ ಹಾಗೆಯೇ ಉಳಿಯಲಿಲ್ಲ. ಗುತ್ತು, ಬೀಡುಗಳ ಗದ್ದೆಯಲ್ಲಿ ಯಜಮಾನರ ಹೆಸರಿನಲ್ಲಿ ನಡೆಯುತ್ತಿದ್ದದ್ದು, ಸಮಿತಿಗಳು ನಡೆಸುವ ಜೋಡುಕರೆ ಕಂಬಳವಾಯಿತು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಮೇಲೆ ಕೋಣ ಸಾಕುವವರೂ ಬದಲಾದರು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪು ಕಂಬಳಕ್ಕೂ ತಾಗಿತು, 2016ರಲ್ಲಿ ಹೈಕೋರ್ಟ್ ತಡೆ ಬಂತು. 2017ರಲ್ಲಿ ವಿಧಾನಸಭೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಕೋಣದ ಹಗ್ಗ ಹಿಡಿದು ಓಡುವುದಕ್ಕೂ ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದಕ್ಕೂ ಹೋಲಿಕೆ ಸರಿಯಲ್ಲ. ನಮಗೆ ಮುಖ್ಯ ಅನಿಸಿದ್ದು ಬೇರೆ. ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ ಕೂಲಿಯವರ ಹೆಸರು ಕೋಣದ ಯಜಮಾನರ ಹೆಸರಿಗಿಂತ ದೊಡ್ಡದಾಗಿ ಅಚ್ಚಾಯಿತು. ನೂರು ವರ್ಷದ ಹಿಂದೆ ಹಾಗೆ ಆಗುತ್ತಿರಲಿಲ್ಲ.

ಬಿದ್ದ ನಕ್ಷತ್ರ

ಈಗ ನಾವು ಹೊರಟಿದ್ದ ಉಲ್ಕೆಯ ಮಾತಿಗೆ ಬರೋಣ.

ನಕ್ಷತ್ರ ಬೀಳುವುದಿಲ್ಲ. ಹೆಚ್ಚಾಗಿ ಧೂಮಕೇತುಗಳು ಬಿಟ್ಟುಹೋದ ಮರಳಿನ ಕಾಳಿನಷ್ಟು ಸಣ್ಣ ಚೂರುಗಳು ಭಾರಿ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ, ನೆಲದಿಂದ ಸುಮಾರು 80ರಿಂದ 100 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ಚೂರು ಸ್ವಲ್ಪ ದೊಡ್ಡದಾದರೆ ಶುಕ್ರ ಗ್ರಹಕ್ಕಿಂತಲೂ ಹೊಳೆಯುವ ಬೆಂಕಿಯುಂಡೆ ಕಾಣುತ್ತದೆ. ಕೆಲವೊಮ್ಮೆ ಬೆಳಕು ಕಂಡು ಎರಡು ಮೂರು ನಿಮಿಷದ ಮೇಲೆ ಗುಡುಗಿನಂಥ ಸದ್ದು ಕೇಳುತ್ತದೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು, ಹಾಗಾಗಿ ಈ ತಡ. ನಮ್ಮ ಮನೆಗಳಲ್ಲಿ ಇಂಥ ಬೆಳಕು ಕಂಡರೆ ಗುಳಿಗ ಹೋದ ಎನ್ನುತ್ತಿದ್ದರು. ಕಂಡದ್ದನ್ನು ಹೇಳಬಾರದು, ಹಸಿರು ಮರ ನೋಡಬೇಕು ಎಂದು ಅಜ್ಜಿಯರು ಕಲಿಸಿದ್ದರು.

ಕಲ್ಲು ಪೂರ್ತಿ ಉರಿಯದೆ ನೆಲಕ್ಕೆ ಬಿದ್ದದ್ದೂ ಉಂಟು. 1866ರ ಏಪ್ರಿಲ್‌ನಲ್ಲಿ ಉಡುಪಿ ಬಳಿ ಬಿದ್ದ ಉಲ್ಕಾಶಿಲೆ ಜಗತ್ತಿನ ಪಟ್ಟಿಯಲ್ಲಿ ಉಡುಪಿ ಎಂಬ ಹೆಸರಿನಲ್ಲೇ ಇದೆ. ಆಗ ಉಡುಪಿಯೂ ನಮ್ಮ ಊರುಗಳೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಎಂಬ ಒಂದೇ ಜಿಲ್ಲೆ. ಆ ಕಲ್ಲಿನ ಜಾತಿ ಎಚ್5 ಕಾಂಡ್ರೈಟ್, ಅಂದರೆ ಕಬ್ಬಿಣದ ಅಂಶ ಹೆಚ್ಚಿರುವ, ಸೂರ್ಯಮಂಡಲ ಹುಟ್ಟಿದ ಕಾಲದ ಕಲ್ಲು. ನಮ್ಮ ಗುಡ್ಡದ ಮುರಕಲ್ಲಿಗಿಂತ ಎಷ್ಟೋ ಹಳೆಯದು.

ಅಜ್ಜ ಆಟ ನೋಡಿ ಬರುವಾಗ ಅಷ್ಟೊಂದು ಉಲ್ಕೆ ಕಂಡದ್ದು ಯಾಕೆ? ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ಜಗತ್ತಿನಲ್ಲಿ ಹೆಚ್ಚು ಹೆಸರಾದ ಪರ್ಸೀಡ್ ಉಲ್ಕಾಪಾತ ಆಗಸ್ಟ್ 12, 13ರ ಹೊತ್ತಿಗೆ ಬರುತ್ತದೆ. ಆಗ ನಮ್ಮಲ್ಲಿ ಆಟಿ ತಿಂಗಳು, ಮೋಡ ಬಿಟ್ಟು ಆಕಾಶವೇ ಕಾಣುವುದಿಲ್ಲ. ಆದರೆ ನವೆಂಬರ್ 17ರ ಸುಮಾರಿಗೆ ಲಿಯೊನಿಡ್, ಡಿಸೆಂಬರ್ 14ರ ಹೊತ್ತಿಗೆ ಜೆಮಿನಿಡ್, ಜನವರಿ 3, 4ಕ್ಕೆ ಕ್ವಾಡ್ರಾಂಟಿಡ್, ಏಪ್ರಿಲ್ 22ಕ್ಕೆ ಲಿರಿಡ್. ನಾಲ್ಕೂ ಬರುವುದು ಮೇಳದ ಗೆಜ್ಜೆ ಕಟ್ಟಿದ ದಿನದಿಂದ ಪತ್ತನಾಜೆಯ ಒಳಗೆ. ಉಲ್ಕೆಗಳು ಹೆಚ್ಚು ಕಾಣುವುದು ನಡುರಾತ್ರಿಯ ನಂತರ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ತೂಟೆ ಹಿಡಿದು ಗದ್ದೆಹುಣಿಯಲ್ಲಿ ಮನೆಗೆ ನಡೆಯುತ್ತಿದ್ದವರಿಗೆ ಸರಿಯಾದ ತಿಂಗಳು, ಸರಿಯಾದ ಗಂಟೆ, ಸರಿಯಾದ ಕತ್ತಲೆ ಮೂರೂ ತಾನಾಗಿ ಸಿಗುತ್ತಿದ್ದವು.

ಇವತ್ತು ಹಲವು ಮೇಳಗಳ ಆಟ ಕಾಲಮಿತಿಯದು, ನಡುರಾತ್ರಿಯ ಮೊದಲೇ ಬೈಕ್ ಹತ್ತಿ ಮನೆ. ಕಂಬಳ ಹೊನಲು ಬೆಳಕಿನದು. ಹಂದಿ, ಕಳ್ಳರ ಹೆದರಿಕೆಗೆ ತೋಟದ ಮೂಲೆ ಮೂಲೆಗೆ ಎಲ್‌ಇಡಿ. ಬೆಳಕು ಬೇಡ ಎಂದು ನಾವು ಹೇಳುವುದಿಲ್ಲ. ಕತ್ತಲಲ್ಲಿ ಹಾವು ತುಳಿದವರ ಮನೆಯವರು ನಮ್ಮಲ್ಲೂ ಇದ್ದಾರೆ.

ಆ ರಾತ್ರಿ ಅಜ್ಜ ಒಂದು ಮಾತು ಹೇಳಿದರು, ಅದಕ್ಕೇ ಇಷ್ಟು ಬರೆದೆವು. "ಆ ಕಾಲದಲ್ಲಿ ರಾತ್ರಿಯಿಡೀ ಆಕಾಶ ನೋಡಿದವರು ಅಂದ್ರೆ ಪನಿಯಲ್ಲಿ ಕೂತವರೇ. ನಾವು ಎಷ್ಟಾದರೂ ದಾರಿಯಲ್ಲಿ ಕಂಡವರು. ಅವರು ಎಂತ ಕಂಡ್ರು ಅಂತ ಯಾರೂ ಕೇಳ್ಲಿಲ್ಲ."

ಕೊರಗರು ಚಳಿಯಲ್ಲಿ ಕೂರುತ್ತಿದ್ದದ್ದು ಕಂಬಳದ ಕಾಲದಲ್ಲಿ, ಜೆಮಿನಿಡ್ ಬೀಳುವ ತಿಂಗಳೂ ಅದೇ. ಅವರ ತಲೆಯ ಮೇಲೆ ಗಂಟೆಗೆ ಹತ್ತಾರು ಉಲ್ಕೆಗಳು ಹರಿದಿರಬೇಕು. ಬೇಕೆಂದು ಹೊರಗೆ ಕೂತು ನೋಡಿದರೆ ಅದು ಆಟ. ಎದ್ದು ಹೋಗುವ ಹಕ್ಕು ಇಲ್ಲದವನಿಗೆ ಅದೇ ಆಕಾಶ ಶಿಕ್ಷೆ.

ಹಳೆಯ ಆಟಗಳನ್ನು ನೆನೆಯುವಾಗ ಇದನ್ನೂ ಜೊತೆಗೆ ನೆನೆಯಬೇಕು ಎಂದು ನಮಗೆ ಅನಿಸುತ್ತದೆ. ಬೇಟೆ ಬೇಡ, ಅಜಲು ಬೇಡ. ಕೆಡ್ಡಸದ ಮೂರು ದಿನ ಬೇಕು, ಮೀನಿಗೆ ದಾರಿ ಬೇಕು, ಮೂಡುಬಿದಿರೆಯ ಚೆಂಡು ಪೊಳಲಿಗೆ ಬರುತ್ತಲೇ ಇರಬೇಕು. ಮೂಡುಬಿದಿರೆಯ ಹದಿನೆಂಟು ಕೆರೆ ಎಂಬ ಮಾತಿನಲ್ಲಿ ಉಳಿದ ಕೆರೆಗಳ ದಂಡೆಯಲ್ಲಿ ಕೂತು ಶಿಳ್ಳೆ ಬಾತಿನ ಸಿಳ್ಳಿಗೆ ಉತ್ತರ ಕೊಡುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಫೋನಿನಲ್ಲಿ ಹಕ್ಕಿಯ ಸ್ವರ ಹಾಕಿ ಸತಾಯಿಸಬೇಡಿ.

ಡಿಸೆಂಬರ್ 13ರ ರಾತ್ರಿ ಹತ್ತರ ನಂತರ ಅಂಗಳಕ್ಕೆ ಬನ್ನಿ. ಗಡಾಯಿಕಲ್ಲಿಗೆ ಹೋಗಬೇಡಿ, ಅದು ಉದ್ಯಾನದ ಒಳಗೆ, ರಾತ್ರಿ ಪ್ರವೇಶ ಇಲ್ಲ. ಮನೆಯಂಗಳವೇ ಸಾಕು. ನೆರೆಮನೆಯವರಿಗೆ ಹೇಳಿ ಒಂದು ಗಂಟೆ ಹೊರಗಿನ ದೀಪ ಆರಿಸಿ. ಚಾಪೆ ಹಾಸಿ, ಮಕ್ಕಳಿಗೆ ಕಂಬಳಿ ಹೊದೆಸಿ. ಪೂರ್ವದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರ ಮೇಲೇರುತ್ತಿರುತ್ತದೆ, ಗೆರೆಗಳು ಆ ದಿಕ್ಕಿನಿಂದ ಹೊರಟ ಹಾಗೆ ಕಾಣುತ್ತವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಈ ಫೋನನ್ನೂ ಒಳಗೆ ಇಟ್ಟು ಬನ್ನಿ.

ಮನೆಯಲ್ಲಿ ಹಿರಿಯರಿದ್ದರೆ ಅವರಿಗೊಂದು ಕುರ್ಚಿ ಹಾಕಿ. ಅವರು ಎಂತ ಕಂಡರು ಎಂದು ಕೇಳಿ.